ಎಲಾಡಿಯೊ ನಿಜವಾಗಿ ಬಿದ್ದ ದಿನ

ವಿಯಾರಿಕಾ ಊರಿನ ಫುಟ್ಬಾಲ್ ತಂಡದ ಎಲಾಡಿಯೊ ಒವೆಲಾರ್ ಗೋಲು ಹೊಡೆದು ಹೆಸರು ಮಾಡಿದವನಲ್ಲ, ಬಿದ್ದು ಹೆಸರು ಮಾಡಿದವನು. ಎದುರಾಳಿಯ ಗೋಲಿನ ಮುಂದೆ ಯಾರಾದರೂ ಉಸಿರು ಬಿಟ್ಟರೂ ಸಾಕು, ಎರಡೂ ಕೈ ಅಗಲಿಸಿ ಕಡಿದ ಬಾಳೆಗಿಡದ ಹಾಗೆ ಮಲಗಿಬಿಡುತ್ತಿದ್ದ. ರೆಫರಿ ಸೀಟಿ ಊದುತ್ತಿದ್ದ, ಪೆನಾಲ್ಟಿ ಸಿಗುತ್ತಿತ್ತು, ಊರು ಕುಣಿಯುತ್ತಿತ್ತು.

ಆ ವರ್ಷ ಲೀಗಿಗೆ ವಿಡಿಯೋ ಬಂತು. ಅನುಮಾನವಾದರೆ ರೆಫರಿ ಮೈದಾನದಂಚಿನ ಪರದೆಯಲ್ಲಿ ನಿಧಾನವಾಗಿ ಮತ್ತೆ ನೋಡಿ ತೀರ್ಪು ಕೊಡಬೇಕು. ಇನ್ನು ಮೋಸಕ್ಕೆ ಜಾಗವಿಲ್ಲವೆಂದು ಲೀಗಿನ ಅಧ್ಯಕ್ಷರು ಭಾಷಣ ಮಾಡಿದರು.

"ಏನಪ್ಪಾ ಎಲಾಡಿಯೊ, ಇನ್ಮೇಲೆ ನಿಂತ್ಕೊಂಡೇ ಆಡ್ಬೇಕಂತೆ. ಅಭ್ಯಾಸ ಇದ್ಯಾ?" ಎಂದು ಕ್ಷೌರದಂಗಡಿಯವನು ತಣ್ಣನೆಯ ತೆರೆರೆ ಚಹಾ ಹೀರುತ್ತ ಕಿಚಾಯಿಸಿದ.

ಎಲಾಡಿಯೊ ನಿಜಕ್ಕೂ ಅಭ್ಯಾಸ ಮಾಡಿದ. ತಲೆಗೂದಲು ನರೆಯುವ ವಯಸ್ಸಿನಲ್ಲಿ ಬೀಳದೆ ಓಡುವುದನ್ನು ಕಲಿತ.

ಋತುವಿನ ಕೊನೆಗೆ, ಗೋಲಿನ ಮುಂದೆ, ಎದುರು ತಂಡದ ಡೆರ್ಲಿಸ್ ಅಕಿನೊ ಅವನ ಕಾಲಿಗೆ ಜಾಡಿಸಿ ಒದ್ದ. ಮೂಳೆ ಲಟಕ್ಕೆಂದದ್ದು ಎಲಾಡಿಯೊಗೇ ಕೇಳಿಸಿತು. ರೆಫರಿ ಪೆನಾಲ್ಟಿ ಕೊಟ್ಟ. ಆಮೇಲೆ ಪರದೆ ನೋಡಲು ಹೋದ. ಅಲ್ಲಿ ಡೆರ್ಲಿಸ್‌ನ ಬೆನ್ನಷ್ಟೇ ಕಾಣುತ್ತಿತ್ತು, ಕಾಲು ಕಾಣುತ್ತಿರಲಿಲ್ಲ. ಎಲಾಡಿಯೊನ ಕೈಗಳು ಮಾತ್ರ, ಹಳೆಯ ಚಾಳಿಯಿಂದ, ಪೆಟ್ಟು ಬೀಳುವ ಮೊದಲೇ ಅಗಲವಾಗಿದ್ದವು.

ರೆಫರಿ ಪೆನಾಲ್ಟಿ ರದ್ದು ಮಾಡಿ, ನೆಲದ ಮೇಲಿದ್ದವನಿಗೆ ನಾಟಕವಾಡಿದ್ದಕ್ಕೆ ಹಳದಿ ಕಾರ್ಡು ತೋರಿಸಿದ.

"ಕಾಲು ಮುರಿದಿದೆ ಸ್ವಾಮಿ."

"ನಿನ್ನನ್ನ ನಾನು ಇವತ್ತೇ ಮೊದಲು ನೋಡ್ತಾ ಇಲ್ಲ ಕಣಯ್ಯ. ಯಂತ್ರ ಸುಳ್ಳು ಹೇಳಲ್ಲ."

ಸ್ಟ್ರೆಚರಿನಲ್ಲಿ ಹೊತ್ತೊಯ್ಯುವಾಗ ಸ್ವಂತ ಊರಿನವರೇ ನಕ್ಕರು. ನೋವಿಗಿಂತ ಆ ನಗುವೇ ಅವನನ್ನು ಹೆಚ್ಚು ಸುಟ್ಟಿತು.

ಮರುದಿನ ಡೆರ್ಲಿಸ್ ಚೀಪಾ ರೊಟ್ಟಿಯ ಪೊಟ್ಟಣ ಹಿಡಿದು ಆಸ್ಪತ್ರೆಗೆ ಬಂದ.

"ಕ್ಷಮಿಸಣ್ಣ. ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಮೊದಲೇ ನೋಡ್ಕೊಂಡಿದ್ದೆ. ಬೆನ್ನು ಅಡ್ಡ ಕೊಟ್ಟು ಒದ್ದೆ. ಪೆಟ್ಟು ಇಷ್ಟು ಜೋರಾಗಿ ಬೀಳತ್ತೆ ಅನ್ಕೊಂಡಿರ್ಲಿಲ್ಲ."

ಎಲಾಡಿಯೊಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮೆಚ್ಚುಗೆ. "ಯಾವ ಕಡೆ ತಿರುಗಿದ್ದೆ? ಸ್ವಲ್ಪ ಮಾಡಿ ತೋರ್ಸು," ಎಂದ. ಡೆರ್ಲಿಸ್ ಮಂಚದ ಪಕ್ಕದಲ್ಲೇ ತಿರುಗಿ ತೋರಿಸಿದ.

ಆದರೂ ಡೆರ್ಲಿಸ್‌ನ ಮನಸ್ಸು ಕೇಳಲಿಲ್ಲ. ಶಿಸ್ತು ಸಮಿತಿಯ ಮುಂದೆ ಹೋಗಿ, ಒದ್ದದ್ದು ತಾನೇ ಎಂದು ಒಪ್ಪಿಕೊಂಡ. ಸಮಿತಿಯವರು ವಿಡಿಯೋವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

"ನೀನು ಮುಟ್ಟಿಯೇ ಇಲ್ವಲ್ಲಪ್ಪ," ಎಂದರು ಹಿರಿಯರು.

"ಮುಟ್ಟಿದ್ದೀನಿ ಸ್ವಾಮಿ. ಒದ್ದಿದ್ದೀನಿ."

"ಪಾಪ, ಅವನ ಮೇಲಿನ ಕನಿಕರಕ್ಕೆ ಹೀಗಂತಿದ್ದೀಯ. ನಿನ್ನದು ದೊಡ್ಡ ಮನಸ್ಸು."

ಹಳದಿ ಕಾರ್ಡು ಹಾಗೆಯೇ ಉಳಿಯಿತು. ವರ್ಷದ ಕೊನೆಗೆ, ಎದುರಾಳಿಯ ಮಾನ ಉಳಿಸಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಆಟಗಾರನೆಂದು ಡೆರ್ಲಿಸ್‌ಗೆ ಸಜ್ಜನ ಆಟದ ಪ್ರಶಸ್ತಿ ಕೊಟ್ಟರು. ಅವನು ತಲೆ ತಗ್ಗಿಸಿ ತೆಗೆದುಕೊಂಡ. ಅದನ್ನೂ ಜನ ವಿನಯವೆಂದರು.

ಹಿಂದಿನ ಸಾಲಿನಲ್ಲಿ ಎಲಾಡಿಯೊ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದು ನಿಂತು, ಮನಸಾರೆ ಚಪ್ಪಾಳೆ ತಟ್ಟಿದ.

"ನೋಡು ನೋಡು," ಎಂದು ಪಕ್ಕದವನು ಹೆಂಡತಿಯ ಕಿವಿಯಲ್ಲಿ ಉಸುರಿದ. "ಇನ್ನೂ ಕುಂಟೋ ನಾಟಕ ಬಿಟ್ಟಿಲ್ಲ."