ಕಿವುಡು ಬೋಲ್ಟು

ಟಿವಿ ಕಚೇರಿಯ ನಾಲ್ಕನೇ ಮಹಡಿಯ ಉದ್ದ ಬೆಂಚಿನ ಮೇಲೆ ನಾಯಿಗಳ ಕಾರ್ಯಕ್ರಮವೊಂದಕ್ಕೆ ಕರೆ ಬಂದು ಲಿಫ್ಟ್ ಮೆಕ್ಯಾನಿಕ್ ಬೆಳಗಿನಿಂದ ಕೂತಿದ್ದ. ಪಕ್ಕದಲ್ಲಿ ಅವನ ಅತ್ತಿಗೆ, ಸತ್ತುಹೋದ ಅಣ್ಣನ ಹೆಂಡತಿ. ಅವಳ ಕಾಲ ಬುಡದಲ್ಲಿ ಅಣ್ಣನ ನಾಯಿ ಬೋಲ್ಟು. ಎದುರಿನ ಲಿಫ್ಟಿಗೆ ‘ಕೆಟ್ಟಿದೆ’ ಎಂಬ ಹಲಗೆ ತೂಗುಹಾಕಿದ್ದರಿಂದ ಮೂವರೂ ಮೆಟ್ಟಿಲು ಹತ್ತಿಯೇ ಬಂದಿದ್ದರು. ಬೇರೆ ದಿನವಾಗಿದ್ದರೆ, ಲಿಫ್ಟ್ ರಿಪೇರಿಯವನ ಹಣೆಯಲ್ಲಿ ಮೆಟ್ಟಿಲೇ ಬರೆದಿರುತ್ತದೆ ಎಂದು ಅವನೇ ನಗುತ್ತಿದ್ದ.

ಬೆಂಚಿನ ಆ ತುದಿಯಲ್ಲಿ ಒಬ್ಬ ಕ್ಷೌರಿಕ ತನ್ನ ನಾಯಿಗೆ ಕನ್ನಡಕ ಹಾಕಿಸಿ ಕೂತಿದ್ದ. ಆ ನಾಯಿ ಪೇಪರ್ ಓದುತ್ತದಂತೆ. ಓದಲಿ ಪಾಪ, ಮನೆಯಲ್ಲಿ ಒಬ್ಬರಾದರೂ ಓದಬೇಕಲ್ಲ.

ಪಟ್ಟಿ ಹಿಡಿದ ಹುಡುಗಿಯೊಬ್ಬಳು ಬಂದು ಇವರ ಎದುರು ನಿಂತಳು. “ಕಿವುಡು ನಾಯಿ ನಿಮ್ದೇ ಅಲ್ವಾ? ಮೊದ್ಲು ಅಕ್ಕ ಕೈಸನ್ನೆ ಮಾಡ್ತಾರೆ, ನಾಯಿ ಕೂರತ್ತೆ, ಏಳತ್ತೆ, ನಮಸ್ಕಾರ ಮಾಡತ್ತೆ. ಆಮೇಲೆ ನೀವು, ಅಣ್ಣ, ಆ ದಿನ ಏನಾಯ್ತು ಅಂತ ನಿಮ್ಮ ಬಾಯಲ್ಲೇ ಹೇಳ್ಬೇಕು. ಅಳು ಬಂದ್ರೆ ಕಣ್ಣೊರೆಸ್ಕೋಬೇಡಿ, ಹಾಗೇ ಇರ್ಲಿ.”

“ಹೇಳ್ತಾನಮ್ಮ,” ಎಂದಳು ಅತ್ತಿಗೆ. “ಇವನ ತಪ್ಪೂ ಅಲ್ಲ, ಈ ಮೂಕಪ್ರಾಣಿ ತಪ್ಪೂ ಅಲ್ಲ ಅಂತ ಎಲ್ಲರಿಗೂ ಗೊತ್ತಾಗ್ಲಿ. ಅದಕ್ಕೇ ನಾನು ಬಂದಿರೋದು.”

ಮೆಕ್ಯಾನಿಕ್ ನಾಯಿಯ ಕಡೆ ನೋಡಿದ. ಆ ದಿನ ಏನಾಯಿತೆಂದು ಬಲ್ಲವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ತಾನು, ಇನ್ನೊಂದು ಬೋಲ್ಟು.

ಅಣ್ಣ ತಮ್ಮ ಸೇರಿಯೇ ಕೆಲಸ ಮಾಡುತ್ತಿದ್ದರು. ಅಣ್ಣ ಕೆಳಗೆ ಗುಂಡಿಗಿಳಿದು ಲಿಫ್ಟಿನ ತಳ ನೋಡುವವನು, ತಮ್ಮ ಮೇಲೆ ಮೋಟಾರಿನ ಕೋಣೆಯಲ್ಲಿ ಸ್ವಿಚ್ಚಿನ ಹತ್ತಿರ ನಿಲ್ಲುವವನು. ಮಾತೆಲ್ಲ ಲಿಫ್ಟು ಓಡಾಡುವ ಕಬ್ಬಿಣದ ಕಂಬಿಯ ಮೂಲಕ. ಅಣ್ಣ ಸ್ಪ್ಯಾನರಿನಿಂದ ಮೂರು ಬಡಿದರೆ ಸ್ವಿಚ್ ಹಾಕು ಎಂದರ್ಥ, ಎರಡು ಬಡಿದರೆ ಹಾಕಬೇಡ, ನಾನು ಒಳಗಿದ್ದೇನೆ ಎಂದರ್ಥ. ಮೋಟಾರಿನ ಸದ್ದಿನಲ್ಲಿ ತಮ್ಮನ ಕಿವಿ ಮಂದವಾಗಿತ್ತು. ಅದಕ್ಕೆ ಅಣ್ಣ ಬೋಲ್ಟುವನ್ನು ಪಳಗಿಸಿದ್ದ. ಎರಡು ಬಡಿತ ಕೇಳಿದರೆ ಸಾಕು, ತಮ್ಮನ ಪಕ್ಕದಲ್ಲಿರುತ್ತಿದ್ದ ಅದು ಎದ್ದು ನಿಂತು ಎರಡು ಸಲ ಬೊಗಳುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ.

ಆ ದಿನ ಮೂರು ಬಡಿತ ಬಂತು. ತಮ್ಮ ಸ್ವಿಚ್ಚಿಗೆ ಕೈ ಹಾಕಿದ. ಇನ್ನೊಂದು ಕೈಯಲ್ಲಿ ಫೋನು, ಫೋನಿನಲ್ಲಿ ಗೆಳೆಯ, ಗೆಳೆಯನ ಬಾಯಲ್ಲಿ ಯಾರದೋ ಮದುವೆ ಮುರಿದ ಕಥೆ. ಅಷ್ಟರಲ್ಲಿ ಅಣ್ಣನಿಗೆ ಏನೋ ನೆನಪಾಗಿರಬೇಕು, ಎರಡು ಬಡಿದ. ಬೋಲ್ಟು ಬೊಗಳಿತು. “ಸುಮ್ನಿರೋ!” ಎಂದು ಕೈಗೆ ಸಿಕ್ಕ ಸ್ಪ್ಯಾನರನ್ನು ನಾಯಿಯ ಮೇಲೆ ಎಸೆದು, ನಗುತ್ತಲೇ ಸ್ವಿಚ್ ಹಾಕಿದ.

ಅತ್ತಿಗೆ ಎದೆ ಬಡಿದುಕೊಂಡು ಕೇಳಿದ ಮೊದಲ ಪ್ರಶ್ನೆಯೇ ಅದು. “ಬೋಲ್ಟು ಯಾಕೆ ಬೊಗಳಲಿಲ್ಲ?” ಅವನ ಬಾಯಿಂದ ಉತ್ತರ ತಾನಾಗಿ ಬಂತು: “ಅದಕ್ಕೆ ಕಿವಿ ಹೋಗಿದೆ ಅತ್ತಿಗೆ. ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲ.” ಪೆಟ್ಟು ತಿಂದು ಬೆದರಿದ್ದ ನಾಯಿ ಆಗ ಯಾರು ಕರೆದರೂ ತಿರುಗುತ್ತಿರಲಿಲ್ಲ. ಎಲ್ಲರೂ ನಂಬಿದರು. ಅತ್ತಿಗೆ ಹಗಲೆಲ್ಲ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿದು ಬಂದು, ಸಂಜೆ ಕೂತು ಕಿವುಡು ನಾಯಿಗೆ ಕೈಸನ್ನೆ ಕಲಿಸಿದಳು. ಬುದ್ಧಿವಂತ ಪ್ರಾಣಿ, ಕಲಿಯಿತು. ಆಮೇಲೆ ಅದನ್ನು ಬಾಯಿಬಿಟ್ಟು ಕರೆಯುವವರೇ ಇಲ್ಲವಾದರು. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ. ಇವನು ಒಂದೇ ಹೇಳಿದ್ದು, ಉಳಿದ ತೊಂಬತ್ತೊಂಬತ್ತನ್ನು ಮನೆಯವರೇ ಸೇರಿಸಿಕೊಂಡರು. ಎಷ್ಟೋ ಸಲ ಅವನಿಗೇ ನಾಯಿ ನಿಜವಾಗಿ ಕಿವುಡೇನೋ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ ದಿನ ಮಾತ್ರ ಅವನಿಗೆ ಊಟ ಸೇರುತ್ತಿತ್ತು.

ಈಗ ಅದನ್ನೇ ಊರಿಗೆಲ್ಲ ಕೇಳುವಂತೆ ಹೇಳಬೇಕು. ಹೇಳಿಬಿಟ್ಟರೆ ಮತ್ತೆ ವಾಪಸು ತೆಗೆದುಕೊಳ್ಳುವಂತಿಲ್ಲ.

ಕ್ಷೌರಿಕನ ನಾಯಿಯನ್ನು ಒಳಗೆ ಕರೆದರು. ಬಾಗಿಲು ಮುಚ್ಚಿಕೊಂಡಿತು. ಕಾರಿಡಾರು ನಿಶ್ಶಬ್ದವಾಯಿತು.

ಟಣ್. ಟಣ್.

ಲಿಫ್ಟಿನ ಬಾಗಿಲ ಹಿಂದಿನಿಂದ, ತುಂಬಾ ಕೆಳಗಿನಿಂದ, ಕಂಬಿಯ ಮೇಲೆ ಕಬ್ಬಿಣ. ಎರಡೇ. ಬಡಿತ ಬಡಿತದ ನಡುವೆ ಅಣ್ಣ ಬಿಡುತ್ತಿದ್ದಷ್ಟೇ ಅಂತರ.

ಬೋಲ್ಟು ಎದ್ದು ನಿಂತಿತು. ಕಿವಿ ನಿಮಿರಿಸಿ ಲಿಫ್ಟಿನ ಕಡೆ ಮುಖ ಮಾಡಿ ಎರಡು ಸಲ ಬೊಗಳಿತು.

“ಸ್ವಿಚ್ ಹಾಕ್ಬೇಡಿ!” ಮೆಕ್ಯಾನಿಕ್ ಕಿರುಚಿಕೊಂಡು ಓಡಿದ. ಲಿಫ್ಟಿನ ಬಾಗಿಲನ್ನು ಎರಡೂ ಅಂಗೈಯಿಂದ ಬಡಿದ. “ಹಾಕ್ಬೇಡಿ! ಒಳಗಡೆ ಜನ ಇದ್ದಾರೆ!”

ಕಾವಲಿನವನು ಗಾಬರಿಯಾಗಿ ಬಂದ. “ಯಾರೂ ಇಲ್ಲ ಕಣಣ್ಣ. ಮೋಟಾರನ್ನೇ ಬಿಚ್ಕೊಂಡು ಹೋಗಿ ಹದಿನೈದು ದಿನ ಆಯ್ತು. ಗುಂಡಿಗೆ ಬೀಗ ಹಾಕಿದೆ, ಬೀಗದ ಕೈ ನನ್ನ ಹತ್ರಾನೇ ಇದೆ.” ಸೊಂಟದ ಗೊಂಚಲು ಅಲ್ಲಾಡಿಸಿ ತೋರಿಸಿದ.

“ಬಡಿದ್ರಲ್ಲಾ! ಎರಡು ಸಲ ಬಡಿದ್ರು!”

“ಯಾರು ಬಡಿದ್ರು?” ಎಂದಳು ಅತ್ತಿಗೆ.

ಅವಳು ಹಿಂದೆಯೇ ಬಂದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ಮೆತ್ತಗಿತ್ತು. “ನಂಗೇನೂ ಕೇಳಿಸ್ಲಿಲ್ಲ. ನಿಂಗೆ ಕೇಳಿಸ್ತು.” ನಾಯಿಯನ್ನು ನೋಡಿದಳು. “ಅದಕ್ಕೂ ಕೇಳಿಸ್ತು.”

ಮೆಕ್ಯಾನಿಕ್ ತಣ್ಣನೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಕೂತ. ಬೆನ್ನ ಹಿಂದೆ ಲಿಫ್ಟಿನ ಆ ಖಾಲಿ ಬಾವಿ ಇದೆ ಎಂಬುದು ಅಂಗಿಯ ಮೂಲಕ ಗೊತ್ತಾಗುತ್ತಿತ್ತು. ಅವನಿಗೆ ಹೆದರಿಕೆಯಾಗಿತ್ತು, ಅದರ ಜೊತೆಗೆ, ನಾಚಿಕೆಗೇಡು, ಎದೆ ಹಗುರವೂ ಆಗಿತ್ತು.

“ಅವತ್ತೂ ಬೊಗಳಿತ್ತಾ?”

“ಬೊಗಳಿತ್ತು ಅತ್ತಿಗೆ. ಎರಡು ಸಲ. ನಾನು ಫೋನಲ್ಲಿದ್ದೆ. ಸುಮ್ನಿರು ಅಂತ ಅದಕ್ಕೆ ಹೊಡ್ದೆ.”

ಅವಳು ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಪಟ್ಟಿಯ ಹುಡುಗಿ ಬಾಗಿಲಿನಿಂದ ತಲೆ ಹಾಕಿದಳು. “ಕಿವುಡು ನಾಯಿ, ಬನ್ನಿ ಬನ್ನಿ, ನಿಮ್ದೇ ಸರದಿ.”

“ನಮ್ಮ ನಾಯಿಗೆ ಕಿವಿ ಕೇಳತ್ತೆ ಮೇಡಂ,” ಎಂದ ಮೆಕ್ಯಾನಿಕ್. ಹುಡುಗಿ ಏನೂ ಅರ್ಥವಾಗದೆ ಪಟ್ಟಿ ನೋಡಿಕೊಂಡಳು.

ಅತ್ತಿಗೆ ನೆಲದ ಮೇಲೆ ಕೂತಳು. ಅಭ್ಯಾಸದಂತೆ ಕೈ ಎತ್ತಿದವಳು ಅರ್ಧಕ್ಕೇ ಇಳಿಸಿದಳು. “ಬೋಲ್ಟೂ,” ಎಂದು ಕರೆದಳು. ನಾಯಿ ಲಿಫ್ಟಿನಿಂದ ಮುಖ ತಿರುಗಿಸಿತು. ನಿಧಾನವಾಗಿ ಬಂದು ಅವಳ ಮಡಿಲಲ್ಲಿ ಮೂತಿ ಇಟ್ಟಿತು.

“ಒಂದು ವರ್ಷದಿಂದ ಇದರ ಹತ್ರ ಒಂದು ಮಾತೂ ಆಡಿಲ್ಲ ನಾನು,” ಎಂದಳು ಅವಳು, ಯಾರಿಗೂ ಅಲ್ಲದೆ. “ದಿನಾ ಸಂಜೆ ಬಾಗ್ಲಲ್ಲಿ ಕಾಯ್ತಿತ್ತು. ಕಿವಿ ಕೇಳಲ್ವಲ್ಲ ಅಂತ, ಹೇಳೋಕೇ ಹೋಗ್ಲಿಲ್ಲ.”

ಆಮೇಲೆ ಅದರ ಕಿವಿಯನ್ನು ಎತ್ತಿ ಹಿಡಿದು, ಬಾಯಿ ಹತ್ತಿರ ತಂದು ಹೇಳಿದಳು: “ಅವರು ಹೋಗ್ಬಿಟ್ರು ಕಣೋ. ಇನ್ನು ಬರಲ್ಲ.”