ಅಡುಗೆಮನೆಗೆ ಅಟ್ಟಿದ ಮೂಗು

ಹೆಣ್ಣು ನೋಡಲು ಬರುವವರಿದ್ದಾರೆಂದು ನನ್ನ ತಮ್ಮನ ಹೆಂಡತಿ ಫರಂಗೀಸ್ ಬೆಳಗಿನಿಂದ ಮನೆಯಲ್ಲಿದ್ದ ಮೂಗುಗಳನ್ನೆಲ್ಲ ಬಚ್ಚಿಡುತ್ತಿದ್ದಳು. ಮಗಳು ಯಗಾನೆಯ ಬಾಲ್ಯದ ಆಲ್ಬಮ್ಮುಗಳು ಬೀರು ಸೇರಿ ಬೀಗ ಹಾಕಿಸಿಕೊಂಡವು. ಗೋಡೆಯ ಮೇಲಿದ್ದ ನಮ್ಮಪ್ಪನ ಫೋಟೋ ಮಂಚದ ಕೆಳಗೆ ಹೋಯಿತು. ನಾನು ಬೀರುವಿನಲ್ಲಿ ಹಿಡಿಸುವವಳಲ್ಲ. ನನಗೆ ಅಡುಗೆಮನೆ ಕೊಟ್ಟಳು.

“ಅತ್ತಿಗೆ, ನೀವು ತಪ್ಪು ತಿಳ್ಕೋಬಾರ್ದು,” ಎಂದಳು. “ಈಗಿನ ಗಂಡಿನ ತಾಯಂದಿರು ಹುಡುಗಿ ಮೂಗು ನೋಡಿ ನಂಬಲ್ಲ, ಮನೆಯವರ ಮೂಗು ನೋಡ್ತಾರೆ. ನಿಮ್ಮನ್ನ ನೋಡಿದ್ರೆ ಎಲ್ಲಾ ಗೊತ್ತಾಗಿಬಿಡುತ್ತೆ.”

“ಏನು ಗೊತ್ತಾಗುತ್ತೆ?”

“ಅದೇ... ಯಗಾನೆ ಮೊದಲು ಹೇಗಿದ್ಲು ಅಂತ.”

ಯಗಾನೆ ಮೊದಲು ನನ್ನ ಹಾಗಿದ್ದಳು. ಫರಂಗೀಸ್ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದಾಗ ಆ ಮಗುವನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ನನಗೆ ಮಕ್ಕಳಿಲ್ಲ. ನಡುವೆ ಉಬ್ಬಿ ತುದಿಯಲ್ಲಿ ಬಾಗಿದ ನಮ್ಮ ಮನೆತನದ ಮೂಗು ಅವಳ ಪುಟ್ಟ ಮುಖದಲ್ಲಿ ಕೂತಿದ್ದನ್ನು ನೋಡಿ ಹಿಗ್ಗಿದವಳೂ ಬಹುಶಃ ನಾನೊಬ್ಬಳೇ. ಹೋದ ವರ್ಷ ಅಮ್ಮ ಮಗಳು ಯಾವುದೋ ಅಮೆರಿಕದ ನಟಿಯ ಫೋಟೋ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದರು. ಫರಂಗೀಸಳ ಮೂಗಿನ ಆಪರೇಷನ್ ಅದಕ್ಕೂ ಮೊದಲೇ ಮುಗಿದಿತ್ತು. ಪಟ್ಟಿ ತೆಗೆಯಿರಿ ಎಂದು ಡಾಕ್ಟರು ಹೇಳಿದ ಮೇಲೂ ಅವಳು ಬಿಡದೆ ಮದುವೆಗೆ, ಸಾವಿಗೆ, ತರಕಾರಿ ಅಂಗಡಿಗೆ ಅದನ್ನು ಅಂಟಿಸಿಕೊಂಡೇ ಓಡಾಡಿದಳು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಅವಳನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಆಪರೇಷನ್ನಿಗೆ ದುಡ್ಡಿದೆ ಎಂದು ಸಾರುವ ಪಟ್ಟಿ ಅದು; ನಮ್ಮ ತೆಹರಾನಿನಲ್ಲಿ ಅವಳೊಬ್ಬಳೇ ಹೀಗೆ ಎಂದುಕೊಳ್ಳಬೇಡಿ. ಕೆಳಮನೆಯ ಹುಡುಗಿ ಆಪರೇಷನ್ನೇ ಇಲ್ಲದೆ ಬರೀ ಪಟ್ಟಿ ಅಂಟಿಸಿಕೊಂಡು ಕಾಲೇಜಿಗೆ ಹೋಗುತ್ತಾಳೆ.

ಇನ್ನು ನನ್ನ ತಮ್ಮ ಮನ್ಸೂರ್. ಅವನೊಬ್ಬನಿಗೆ ನಮ್ಮಮ್ಮನ ನೇರ ಮೂಗು. ನಮ್ಮದು ಎರಡೂವರೆ ಸಾವಿರ ವರ್ಷದ ನಾಗರಿಕತೆ ಎಂದು ಬಂದವರ ಚಹಾ ಆರುವವರೆಗೂ ಕೊಚ್ಚುತ್ತಾನೆ. ನಡುಮನೆಯಲ್ಲಿ ಹಳೆಯ ಪರ್ಷಿಯಾದ ರಾಜಧಾನಿ ತಖ್ತೆ ಜಮ್‌ಶೀದಿನ ಕಲ್ಲಿನಲ್ಲಿ ಕೆತ್ತಿದ ದೊರೆಗಳ ದೊಡ್ಡ ಚಿತ್ರ ಹಾಕಿದ್ದಾನೆ. ಆ ದೊರೆಗಳದೆಲ್ಲ ಥೇಟು ನನ್ನ ಮೂಗು. ಅವರನ್ನು ಯಾರೂ ಅಡುಗೆಮನೆಗೆ ಕಳಿಸಲಿಲ್ಲ.

ಬಾಗಿಲ ಗಂಟೆ ಸದ್ದಾಯಿತು. ಹುಡುಗ ಹೂಮನ್, ಅವನ ತಾಯಿ ಶಹ್ಲಾ ಖಾನಂ, ಆಳೆತ್ತರದ ಹೂಗುಚ್ಛ, ಎಲ್ಲ ಒಳಗೆ ಬಂದದ್ದನ್ನು ಪರದೆಯ ಸಂದಿಯಿಂದ ನೋಡಿದೆ. ತಾಯಿ ಮಗನ ಮೂಗುಗಳು ಒಂದೇ ಅಚ್ಚಿನಲ್ಲಿ ತೆಗೆದ ಬಿಸ್ಕತ್ತಿನಂತಿದ್ದವು. ನಾನು ಚಹಾ ಕಾಯಿಸುವ ಸಮೋವರ್ ಪಾತ್ರೆಯಿಂದ ಚಹಾ ಬಗ್ಗಿಸಿದೆ. ತಟ್ಟೆ ಒಯ್ಯಬೇಕಾದವಳು ಹುಡುಗಿ; ಯಗಾನೆ ಬಂದಳು. ಈ ವರ್ಷ ಆಫೀಸಿನಲ್ಲಿ ಪರಿಚಯವಾದ ಆ ಹುಡುಗನೇ ಬೇಕು ಅವಳಿಗೆ.

“ಅತ್ತೆ, ನೀವು ಹೊರಗೆ ಬರಲ್ಲ ಅಲ್ವಾ?” ಎಂದಳು.

ಅವಳಮ್ಮ ಅಂದದ್ದನ್ನು ನುಂಗಿಕೊಂಡಿದ್ದೆ. ಅದೇ ಮಾತು ಇವಳ ಬಾಯಲ್ಲಿ ಕೇಳಿ ಎದೆಗೆ ಒದ್ದ ಹಾಗಾಯಿತು. “ಹೋಗು, ಚಹಾ ಆರುತ್ತೆ,” ಎಂದು ಮುಖ ತಿರುಗಿಸಿದೆ. ಅವಳು ಆಚೆ ಹೋದ ಮೇಲೆ ನನ್ನ ಮೊಣಕೈ ತಗುಲಿ ಸಕ್ಕರೆ ಡಬ್ಬಿ ನೆಲಕ್ಕೆ ಬಿತ್ತು.

“ಒಳಗೆ ಯಾರೋ ಇದ್ದಾರೆ?” ಶಹ್ಲಾ ಖಾನಂ ದನಿ ಕೇಳಿಸಿತು.

“ಪಕ್ಕದ ಮನೆಯವರು. ಸಹಾಯಕ್ಕೆ ಬಂದಿದ್ದಾರೆ,” ಎಂದಳು ಫರಂಗೀಸ್.

“ಅಯ್ಯೋ, ಒಬ್ಬರೇ ಯಾಕೆ ಒಳಗೆ? ಕರೀರಿ.”

ಕರೆಯದೆ ಬೇರೆ ದಾರಿಯಿರಲಿಲ್ಲ. “ಬನ್ನಿ ಖಾನಂ, ನೀವಿಲ್ಲದೆ ನಮ್ಮನೆಗೆ ಕಳೆ ಎಲ್ಲಿ? ನಮ್ಮ ಕಣ್ಣ ಮೇಲೆ ಕಾಲಿಟ್ಟು ಬನ್ನಿ!” ಎಂದು ಜೇನು ಸುರಿಸಿದಳು. ನಮ್ಮಲ್ಲಿ ಇಂಥ ಕರೆಗೆ ಬೇಡ ಎನ್ನಬೇಕು, ಅವರು ಮತ್ತೆ ಕರೆಯಬೇಕು, ಮತ್ತೆ ಬೇಡ ಎನ್ನಬೇಕು. ಹೀಗೆ ಬೇಡ ಬೇಡವೆನ್ನುತ್ತಲೇ ಬೇಡವಾದವರು ಒಳಗೆ ಉಳಿದರೆ ಅದು ಮರ್ಯಾದೆ. ಜೀವಮಾನವಿಡೀ ಆ ಮರ್ಯಾದೆ ಕಾಪಾಡಿದವಳು ನಾನು. ಅವತ್ತು ಒಂದೇ ಕರೆಗೆ “ಬಂದೆ” ಎಂದು ಹೋಗಿ ದೊರೆಗಳ ಚಿತ್ರದ ಕೆಳಗೆ ಕೂತೆ.

ಫರಂಗೀಸಳ ಮುಖ ಹುಳ್ಳಗಾಯಿತು. ಮನ್ಸೂರ್ ಅತಿಥಿಗಳಿಗೆಂದು ಮೇಜಿನ ಮೇಲಿಟ್ಟಿದ್ದ ಸೌತೆಕಾಯಿ ಹೆಚ್ಚುವುದರಲ್ಲಿ ಮುಳುಗಿದ. ಶಹ್ಲಾ ಖಾನಂ ನನ್ನ ಮೂಗು ನೋಡಿದರು, ಯಗಾನೆಯ ಹುಬ್ಬು ನೋಡಿದರು, ಮತ್ತೆ ನನ್ನ ಹುಬ್ಬು ನೋಡಿದರು.

“ಪಕ್ಕದ ಮನೆಯವರು ಯಾವಾಗಿಂದ ಪರಿಚಯ ಮಗಳೇ?”

ಯಗಾನೆ ಹೂಮನ್‌ಗೆ ಲೋಟ ಕೊಟ್ಟು, ತಟ್ಟೆ ಹಿಡಿದು ನಿಂತಿದ್ದಳು. ಇವಳು ಏನು ಹೇಳುತ್ತಾಳೆ ಎನ್ನುವುದೊಂದೇ ನನಗೆ ಬೇಕಾಗಿತ್ತು. ಮದುವೆ ಆಗಲಿ, ಬಿಡಲಿ.

“ಚಿಕ್ಕಂದಿನಿಂದ... ಪಕ್ಕದ ಮನೆ...” ಎಂದಳು. ನನ್ನ ಕಡೆ ನೋಡಲಿಲ್ಲ.

ಹೂಮನ್ ಲೋಟ ಕೆಳಗಿಟ್ಟ. “ನಿನ್ನ ಬದ್ರಿ ಅತ್ತೆ ಎಲ್ಲಿ ಯಗಾನೆ? ಒಂದು ಫೋಟೋನೂ ತೋರಿಸ್ಲಿಲ್ಲ, ಆದ್ರೆ ದಿನಾ ಅವರದೇ ಸುದ್ದಿ. ನನ್ನ ಬೆಳೆಸಿದ್ದೇ ಅವರು ಅಂತಿದ್ದೆ. ಅವರ ಕೈಗೆ ಮುತ್ತಿಡೋಣ ಅಂತ ಬಂದೆ.”

ತಟ್ಟೆಯಲ್ಲಿ ಲೋಟಗಳು ಗಲಗಲ ಎಂದವು. “ಇವರೇ,” ಎಂದಳು ಯಗಾನೆ. “ಇವರೇ ನನ್ನತ್ತೆ.” ಅಳು ಒತ್ತರಿಸಿ ಬಂತು. ಅಂಗೈಯಿಂದ ಮೂಗು ಒರೆಸಿಕೊಳ್ಳಲು ಹೋದಳು.

“ಹಾಗೆ ಉಜ್ಜಬೇಡ್ವೇ, ಸೊಟ್ಟ ಆಗುತ್ತೆ!” ಎಂದು ಕಿರುಚಿದಳು ಫರಂಗೀಸ್.

ಅಲ್ಲಿಗೆ ಎಲ್ಲ ಬಯಲಾಯಿತು. ಶಹ್ಲಾ ಖಾನಂ ಸಿಟ್ಟಾಗುತ್ತಾರೆಂದುಕೊಂಡೆ. ಅವರು ಮಗನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, “ಕೆಳಗೆ ಹೋಗಿ ಕಾರಲ್ಲಿರೋ ನಿನ್ನ ಎಫ್ಫತ್ ಅತ್ತೆನ ಕರ್ಕೊಂಡು ಬಾ,” ಎಂದರು. ನನ್ನ ಕೈಗೆ ಮುತ್ತಿಡಲು ಬಂದ ಮಹಾನುಭಾವ ತನ್ನ ಅತ್ತೆಯನ್ನು ಬಿಸಿಲಿನಲ್ಲಿ ಬೇಯಲು ಬಿಟ್ಟು ಬಂದಿದ್ದ.

ಮೊದಲು ಮೂಗು ಬಂತು, ಆಮೇಲೆ ಎಫ್ಫತ್ ಖಾನಂ ಬಂದರು. ನನ್ನದಕ್ಕಿಂತ ಒಂದು ಕೈ ಮೇಲು. ಬೆವರು ಒರೆಸಿಕೊಂಡು ನನ್ನ ಪಕ್ಕದಲ್ಲೇ ಕೂತರು.

“ನಿಮ್ಮನ್ನ ಎಲ್ಲಿಟ್ಟಿದ್ರು?” ಎಂದು ಕೇಳಿದರು.

“ಅಡುಗೆಮನೇಲಿ.”

“ಪುಣ್ಯವಂತರು. ನೆರಳಾದ್ರೂ ಇತ್ತು.” ಆಮೇಲೆ ಇಬ್ಬರು ತಾಯಂದಿರನ್ನೂ ನೋಡಿದರು. “ಇವರಿಬ್ಬರ ಮದುವೆ ಆಗಲಿ, ನಂಗೂ ಸಂತೋಷ. ನಾಳೆ ಮಗು ಆಗುತ್ತೆ. ಅದೇನು ಡಾಕ್ಟರ ಹತ್ರ ಹೋಗಿ ಬಂದು ಹುಟ್ಟಲ್ಲ. ನಮ್ಮಿಬ್ಬರ ಹಾಗೇ ಹುಟ್ಟುತ್ತೆ. ಅದನ್ನೆಲ್ಲಿ ಕೂರಿಸ್ತೀರಿ?”

ಮನ್ಸೂರ್ ಇನ್ನೊಂದು ಸೌತೆಕಾಯಿ ಎತ್ತಿಕೊಂಡ.

“ಅದಕ್ಕೇನು,” ಎಂದಳು ಫರಂಗೀಸ್, “ಹದಿನೆಂಟು ತುಂಬಲಿ. ನಮ್ಮ ಡಾಕ್ಟರು ಇದ್ದಾರಲ್ಲ.”

“ಹೌದಲ್ವಾ!” ಎಂದರು ಶಹ್ಲಾ ಖಾನಂ. ಬೀಗಿತ್ತಿಯರಿಬ್ಬರ ಮನಸ್ಸು ಕೂಡಿದ ಮೊದಲ ಗಳಿಗೆ ಅದು.

ಯಗಾನೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. “ಅಮ್ಮ, ಆ ಮಗು ಮೂಗಿಗೆ ಯಾರಾದ್ರೂ ಕೈ ಹಚ್ಚಿದ್ರೆ ಕೈ ಮುರೀತೀನಿ.”

ನನ್ನ ಮೂಗಿನ ಪರವಾಗಿ ಬಾಯಿ ಬಾರದವಳು ಇನ್ನೂ ಹುಟ್ಟದ ಮೂಗಿಗಾಗಿ ಹೆತ್ತವಳ ಕೈ ಮುರಿಯಲು ನಿಂತಿದ್ದಳು. ನನ್ನ ಪಾಲಿಗೆ ಇಷ್ಟಾದರೂ ಬಂತಲ್ಲ ಎಂದು, ಎದ್ದು ಹೋಗಿ ಅವಳ ಹಣೆಗೆ ಮುತ್ತಿಟ್ಟೆ.