ಆಮೆ ಮೇಷ್ಟ್ರ ಕೊನೆಯ ಮೊಟ್ಟೆಗಳು

ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ನೆಂಟರ ಬಾಯಲ್ಲಿ ಮಾತ್ರ ಆಮೆ ಮೇಷ್ಟ್ರು. ಸ್ನಾನದ ಮನೆಯ ಅರ್ಧವನ್ನು ನೀರಾಮೆಗಳ ತೊಟ್ಟಿಗೆ ಬಿಟ್ಟುಕೊಟ್ಟು, ಮನೆಮಂದಿಯೆಲ್ಲ ಗೋಡೆಗಂಟಿಕೊಂಡು ಮೈತೊಳೆಯುವಂತೆ ಮಾಡಿದ ಪುಣ್ಯಾತ್ಮ. ಹೆಣ್ಣಾಮೆ ವರ್ಷ ವರ್ಷವೂ ಮೊಟ್ಟೆಯಿಡುತ್ತಿತ್ತು, ಒಂದಾದರೂ ಮರಿಯಾದದ್ದಿಲ್ಲ. "ಮೇಷ್ಟ್ರೇ, ಈ ಸಲವೂ ಎಲ್ಲರೂ ಫೇಲಾ?" ಎಂದು ತಂಗಿಯ ಗಂಡ ಕೆಣಕಿದರೆ ನಕ್ಕುಬಿಡುತ್ತಿದ್ದ. ಆಮೇಲೆ ಹೆಂಡತಿಯ ಹತ್ತಿರ ಮಾತ್ರ, "ಎಲ್ಲೋ ನಂದೇ ತಪ್ಪು ಕಣೇ" ಎನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಅವನು ಹೋದ ಸ್ವಲ್ಪ ದಿನಕ್ಕೆ ಹೆಣ್ಣಾಮೆ ಮೊಟ್ಟೆಯಿಟ್ಟಿತು. ಕೊನೆಯದೊಂದು ಒಳಗೇ ಸಿಕ್ಕಿಕೊಂಡು ಆಮೆಯೂ ಸತ್ತಿತು. ಇನ್ನು ಮೊಟ್ಟೆ ಇಡುವವರಿಲ್ಲ. ಇವುಗಳಲ್ಲಿ ಒಂದೇ ಒಂದು ಮರಿಯಾದರೆ ಸಾಕು, ನನ್ನ ಗಂಡನಿಗೆ ಕೆಲಸ ಗೊತ್ತಿತ್ತು ಎಂದು ನಾಲ್ಕು ಜನರೆದುರು ಹೇಳಬಹುದು ಎಂದು ಅವಳು ಹಟ ಹಿಡಿದಳು.

ಅವನು ಮಾಡುತ್ತಿದ್ದ ಹಾಗೆಯೇ ಮಾಡಿದಳು. ಆಮೆಯ ಮೊಟ್ಟೆ ಕೋಳಿಮೊಟ್ಟೆಯಂತಲ್ಲ. ಇಟ್ಟ ಒಂದು ದಿನದೊಳಗೆ ಒಳಗಿನ ಜೀವ ಮೇಲ್ಗಡೆಯ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಆಮೇಲೆ ತಲೆಕೆಳಗು ಮಾಡಿದರೆ ಕಥೆ ಮುಗಿಯಿತು. ಅದಕ್ಕೇ ಪ್ರತಿಯೊಂದರ ನೆತ್ತಿಗೂ ಪೆನ್ಸಿಲಿನ ಗುರುತು. ಒದ್ದೆ ಮರಳಿನ ಡಬ್ಬಿ, ಮೇಲೊಂದು ಸಣ್ಣ ಬಲ್ಬು. ಸಂಜೆ ಲಾಂಡ್ರಿಯ ಕೆಲಸದಿಂದ ಬಂದವಳೇ ಚಪ್ಪಲಿ ಬಿಟ್ಟು ನೇರ ಡಬ್ಬಿಯ ಹತ್ತಿರ ಹೋಗುತ್ತಿದ್ದಳು. ಗುರುತುಗಳೆಲ್ಲ ಮೇಲಕ್ಕೇ ಇರುತ್ತಿದ್ದವು.

ಒಂದು ದಿನ ಲಾಂಡ್ರಿಯಲ್ಲಿ ಕರೆಂಟು ಕೈಕೊಟ್ಟಿತು. ಮಧ್ಯಾಹ್ನವೇ ಮನೆಗೆ ಬಂದಳು. ಮಾವ, ಅಂದರೆ ಗಂಡನ ಅಪ್ಪ, ಊಟ ಮುಗಿಸಿ ಒರಗಿದ್ದರು. ಡಬ್ಬಿ ತೆರೆದರೆ ಒಂದು ಮೊಟ್ಟೆಯ ಮೇಲೂ ಗುರುತಿಲ್ಲ. ಒಂದನ್ನು ಎತ್ತಿ ನೋಡಿದಳು. ಗುರುತು ಅಡಿಯಲ್ಲಿತ್ತು.

ಎಬ್ಬಿಸಿ ಕೇಳಿದರೆ ಮಾವ ಕೊಂಚ ನಾಚಿಕೊಂಡರು. ಕೋಳಿಮರಿ ಮಾಡಿಸುವ ಫಾರಂನಲ್ಲಿ ಜೀವ ಸವೆಸಿದವರು ಅವರು.

"ದಿನಾ ಮಗ್ಗುಲು ಬದಲಾಯಿಸ್ದೆ ಇದ್ರೆ ಮರಿ ಒಂದೇ ಕಡೆ ಅಂಟ್ಕೊಂಡು ಸತ್ತೋಗುತ್ತಮ್ಮ. ನೀನು ಹೋದ್ಮೇಲೆ ತಿರುಗಿಸ್ತೀನಿ, ಬರೋದ್ರೊಳಗೆ ಮತ್ತೆ ಗುರುತು ಮೇಲೆ ಮಾಡಿ ಇಡ್ತೀನಿ. ನೀನು ಬೇಜಾರು ಮಾಡ್ಕೋಬಾರ್ದಲ್ಲ."

"ಅವರಿದ್ದಾಗ?"

"ಆಗ್ಲೂ ನಾನೇ. ಮುಟ್ಬೇಡಿ ಅಂತಿದ್ದ, ಮೂಗಿನ ತುದೀಲೇ ಕೋಪ ಅವನಿಗೆ. ಮಗ ಅಷ್ಟು ಆಸೆ ಇಟ್ಕೊಂಡಿರೋವಾಗ ಅಪ್ಪ ಆದವನು ಸುಮ್ನೆ ಕೂರಕ್ಕಾಗುತ್ತಾ? ಅವನು ಅಂಗಡಿಗೆ ಹೋದ್ಮೇಲೆ ಒಂದಿನಾನೂ ತಪ್ಪಿಸಿಲ್ಲ."

ಅಷ್ಟು ವರ್ಷ ತನ್ನದೇ ತಪ್ಪೆಂದುಕೊಂಡು ಕೊರಗಿ ಸತ್ತನಲ್ಲ ಅವನು. ಮೊಬೈಲಿನ ಬೆಳಕನ್ನು ಒಂದೊಂದೇ ಮೊಟ್ಟೆಗೆ ಹಿಡಿದಳು. ಹೋದ ವಾರ ಎಳೆಎಳೆಯಾಗಿ ಕಂಡಿದ್ದ ಕೆಂಪು ನರಗಳು ಇರಲಿಲ್ಲ, ಬರೀ ಹಳದಿ ನೀರು. ಬಾಯಿಗೆ ಬಂದಂತೆ ಬೈದುಬಿಡಬೇಕೆಂದು ತಿರುಗಿದಳು.

ಮಾವ ಪಕ್ಕದಲ್ಲೇ ಬಗ್ಗಿ ನಿಂತಿದ್ದರು. ಚಿಪ್ಪಿಗೆ ಗೀರು ಬೀಳಬಾರದೆಂದು ಉಗುರುಗಳನ್ನು ಬೆರಳಿನ ಮಾಂಸದವರೆಗೂ ಕತ್ತರಿಸಿಕೊಂಡಿದ್ದರು. ಅದನ್ನು ನೋಡಿದವಳು ಕೈಯಲ್ಲಿದ್ದ ಮೊಟ್ಟೆಯನ್ನು ಮೆಲ್ಲಗೆ ಮರಳಿಗಿಟ್ಟಳು.

"ಎಲ್ಲಾ ಹೋಯ್ತಾ? ತಿರುಗಿಸಬಾರ್ದಿತ್ತೇನಮ್ಮ? ನನ್ನಿಂದ ಏನಾದ್ರೂ..."

"ಇಲ್ಲ ಮಾವ. ನಿಮ್ಮಿಂದ ಏನೂ ಆಗಿಲ್ಲ. ಮೊಟ್ಟೆಗಳೇ ಸರಿಯಿರ್ಲಿಲ್ಲ."

ಮುದುಕರು ನಿರಾಳವಾದರು. ಗೋಡೆ ಹಿಡಿದುಕೊಂಡು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಹಾಗಾದ್ರೆ ಅವನದ್ದೇ ಏನೋ ತಪ್ಪು ಬಿಡು. ಪಾಪ, ಆಸೆ ಇತ್ತು, ಕೆಲ್ಸ ಗೊತ್ತಿರ್ಲಿಲ್ಲ. ಅಲ್ವೇನಮ್ಮ?"

ಅವಳು ಕೈಚಾಚಿ ಬಲ್ಬು ಆರಿಸಿದಳು.

"ಹೌದು ಮಾವ," ಎಂದಳು, "ಗೊತ್ತಿರ್ಲಿಲ್ಲ."